ಅಹಮದ್ ಬ್ಯಾರಿಯ ಗಾಡಿ: ಪ್ರಳಯದ ಕಥೆಗಳಲ್ಲಿ ನಾಗರಿಕರು ಯಾರು?

ಲೋಕ ಮುಗಿದ ಮೇಲೆ ಉಳಿದವರ ಕಥೆ ಹೇಳುವ ಕಾದಂಬರಿಗಳಿಗೆ ಈಗ ನಮ್ಮ ನಡುವೆ ದೊಡ್ಡ ಓದುಗ ಬಳಗವಿದೆ. ಜಯನಗರ, ಜೆ.ಪಿ. ನಗರಗಳ ಇಂಗ್ಲಿಷ್ ಪುಸ್ತಕದಂಗಡಿಗಳಲ್ಲಿ ಅವು ಕಾಣಸಿಗುತ್ತವೆ. ಬಿ.ಟಿ.ಎಂ. ಲೇಔಟಿನ ಪಿ.ಜಿ.ಗಳಲ್ಲಿರುವ ಐ.ಟಿ. ಹುಡುಗ ಹುಡುಗಿಯರು ರಾತ್ರಿ ಮೊಬೈಲಿನಲ್ಲಿ ನೋಡುವ ಧಾರಾವಾಹಿಗಳಲ್ಲೂ ಅದೇ ವಸ್ತು. ಅಣುಬಾಂಬು ಬಿದ್ದಿರುತ್ತದೆ, ಇಲ್ಲವೇ ಹೆಸರಿಲ್ಲದ ರೋಗವೊಂದು ಹಬ್ಬಿರುತ್ತದೆ. ಕರೆಂಟಿಲ್ಲ, ಪೊಲೀಸರಿಲ್ಲ, ಅಂಗಡಿಗಳಲ್ಲಿ ಅಕ್ಕಿಯಿಲ್ಲ. ಉಳಿದ ಮನುಷ್ಯರು ಎರಡು ಪಾಲಾಗಿರುತ್ತಾರೆ. ಬೇಲಿಯ ಒಳಗಿರುವವರು ನಾಗರಿಕರು, ಹೊರಗೆ ಅಲೆಯುವವರು ಅನಾಗರಿಕರು. ಓದುಗನನ್ನು ಲೇಖಕ ಬಹುತೇಕ ಬೇಲಿಯ ಒಳಗಡೆಯೇ ನಿಲ್ಲಿಸಿರುತ್ತಾನೆ.

ಈ ಕಥೆಗಳು ಕೇಳುವ ಪ್ರಶ್ನೆ ಹಗುರವಾದುದಲ್ಲ. ಕಾನೂನು, ಅನ್ನ, ನಾಲ್ಕು ಜನ ಏನೆಂದಾರೆಂಬ ಅಳುಕು ಇವನ್ನೆಲ್ಲ ಒಂದೊಂದಾಗಿ ಕಳಚಿದರೆ ಮನುಷ್ಯನಲ್ಲಿ ಉಳಿಯುವುದೇನು? ಪ್ರಶ್ನೆ ದೊಡ್ಡದಾದರೂ ಇಂಗ್ಲಿಷಿನಲ್ಲಿ ಇದಕ್ಕೆ ಬಂದಿರುವ ಪ್ರಸಿದ್ಧ ಉತ್ತರ ಬಹಳ ಕಾಲದಿಂದ ಒಂದೇ ಆಗಿದೆ. ನಾಗರಿಕತೆಯೆಂಬುದು ತೆಳ್ಳನೆಯ ಸುಣ್ಣ, ಕೆರೆದರೆ ಒಳಗಿರುವುದು ಮೃಗ. ವಿಲಿಯಂ ಗೋಲ್ಡಿಂಗ್ 1954ರಲ್ಲಿ ಬರೆದ ‘ಲಾರ್ಡ್ ಆಫ್ ದಿ ಫ್ಲೈಸ್’ ಕಾದಂಬರಿಯಲ್ಲಿ, ಯುದ್ಧಕಾಲದಲ್ಲಿ ದ್ವೀಪವೊಂದರಲ್ಲಿ ಸಿಕ್ಕಿಕೊಂಡ ಇಂಗ್ಲಿಷ್ ಶಾಲಾ ಹುಡುಗರು ಮುಖಕ್ಕೆ ಬಣ್ಣ ಬಳಿದುಕೊಂಡು, ಈಟಿ ಹಿಡಿದು, ತಮ್ಮವರನ್ನೇ ಬೇಟೆಯಾಡುತ್ತಾರೆ. ಕೊನೆಯಲ್ಲಿ ಬರುವ ನೌಕಾಧಿಕಾರಿ ಬ್ರಿಟಿಷ್ ಮಕ್ಕಳಿಂದ ಇದನ್ನು ನಿರೀಕ್ಷಿಸಿರಲಿಲ್ಲವೆಂದು ಬೇಸರಪಡುತ್ತಾನೆ. ಅವನ ಬೆನ್ನ ಹಿಂದೆಯೇ ಯುದ್ಧನೌಕೆ ನಿಂತಿದೆ ಎಂಬ ವ್ಯಂಗ್ಯ ಗೋಲ್ಡಿಂಗರಿಗೆ ಚೆನ್ನಾಗಿ ಗೊತ್ತಿದೆ. ಆದರೆ ಮೃಗತ್ವವನ್ನು ತೋರಿಸಬೇಕಾದಾಗ ಅವರ ಕೈಗೆ ಸಿಕ್ಕಿದ್ದು ಬಣ್ಣ ಬಳಿದ ಮುಖ, ಕುಣಿತ, ಈಟಿ. ವಸಾಹತುಗಾರರು ತಾವು ಗೆದ್ದ ನಾಡುಗಳ ಜನರನ್ನು ಚಿತ್ರಿಸಿದ್ದು ಇದೇ ವೇಷದಲ್ಲಿ. ಬಾಂಬು ಹಾಕಿದವರು ಸಮವಸ್ತ್ರ ತೊಟ್ಟವರು. ಅನಾಗರಿಕತೆಯ ವೇಷ ಮಾತ್ರ ನಮ್ಮಂಥವರದು!

ಕಾರ್ಮಾಕ್ ಮೆಕಾರ್ಥಿಯವರ ‘ದಿ ರೋಡ್’ (2006) ಇದಕ್ಕಿಂತ ಆಳವಾದ ಕೃತಿ. ಬೂದಿ ಮುಚ್ಚಿದ ಲೋಕದಲ್ಲಿ ತಂದೆಯೊಬ್ಬ ಮಗನ ಕೈಹಿಡಿದು ನಡೆಯುತ್ತಾನೆ. ದಾರಿಯಲ್ಲಿ ನರಭಕ್ಷಕರಿದ್ದಾರೆ. ಓದುಗರು ಸಾಮಾನ್ಯವಾಗಿ ಆ ನರಭಕ್ಷಕರನ್ನೇ ನೆನಪಿಟ್ಟುಕೊಳ್ಳುತ್ತಾರೆ. ನಮಗೆ ಮುಖ್ಯವೆನಿಸಿದ್ದು ಕೊನೆಯ ಪುಟಗಳ ಒಂದು ಸಣ್ಣ ಸಂಗತಿ. ತಂದೆ ಸಾಯುತ್ತಾನೆ. ಹುಡುಗ ಮೂರು ದಿನ ಹೆಣದ ಪಕ್ಕ ಕೂರುತ್ತಾನೆ. ಆಮೇಲೆ ಬಂದ ಅಪರಿಚಿತನನ್ನು ನಂಬಬಹುದೇ ಬೇಡವೇ ಎಂಬ ಗೊಂದಲದ ನಡುವೆ ಹುಡುಗನ ಕಳಕಳಿ ಒಂದೇ: ಅಪ್ಪನನ್ನು ಹಾಗೇ ಬಯಲಲ್ಲಿ ಬಿಟ್ಟುಹೋಗಬಾರದು. ಆ ಅಪರಿಚಿತ ಹೆಣಕ್ಕೆ ಕಂಬಳಿ ಹೊದಿಸುತ್ತಾನೆ. ಎಲ್ಲ ಕಳೆದುಹೋದ ಲೋಕದಲ್ಲಿ ಇವನು ಒಳ್ಳೆಯವನೆಂದು ನಮಗೆ ಗೊತ್ತಾಗುವುದು ಆ ಕಂಬಳಿಯಿಂದ.

ಈ ಕಂಬಳಿಯಿಂದ ನಾವು ನಮ್ಮ ಮಾತನ್ನು ಆರಂಭಿಸಬಹುದು. ಪ್ರಳಯದ ಕಥೆಗಳಲ್ಲಿ ನಾಗರಿಕರನ್ನೂ ಅನಾಗರಿಕರನ್ನೂ ಬೇರ್ಪಡಿಸುವ ಗೆರೆ ಊಟ, ಬಟ್ಟೆ, ಭಾಷೆ, ಕಾನೂನುಗಳ ಮೇಲೆ ಹಾದುಹೋಗುವುದಿಲ್ಲ. ತನಗೆ ಇನ್ನೇನನ್ನೂ ಕೊಡಲಾರದ ಒಂದು ಹೆಣದ ಮುಂದೆ ಮನುಷ್ಯ ಹೇಗೆ ನಡೆದುಕೊಳ್ಳುತ್ತಾನೆ ಎಂಬಲ್ಲಿ ಅದು ಹಾದುಹೋಗುತ್ತದೆ.

ಮೊದಲು ಶಬ್ದಗಳನ್ನು ನೋಡೋಣ. ಕನ್ನಡದ ‘ನಾಗರಿಕ’ ಶಬ್ದದೊಳಗೆ ನಗರವಿದೆ. ನಗರದಲ್ಲಿರುವವನು ನಾಗರಿಕ, ಕಾಡಿನಲ್ಲಿರುವವನು ಕಾಡುಮನುಷ್ಯ ಎಂಬ ತೀರ್ಪು ಶಬ್ದದಲ್ಲೇ ಅಡಗಿದೆ. ಉರ್ದುವಿನ ‘ತಮದ್ದುನ್’ ಕೂಡ ಪಟ್ಟಣದಿಂದಲೇ ಹುಟ್ಟಿದ ಶಬ್ದ. ಆದರೆ ಕ್ರೌರ್ಯಕ್ಕೆ ಉರ್ದುವಿನಲ್ಲಿರುವ ‘ವಹಶತ್’ ಎಂಬ ಶಬ್ದ ಬೇರೊಂದು ದಾರಿ ತೋರಿಸುತ್ತದೆ. ವಹಶತ್ ಎಂದರೆ ಕಾಡುತನ, ಅದರ ಜೊತೆಗೇ ದಿಗಿಲು, ಒಂಟಿತನದಿಂದ ಹುಟ್ಟುವ ಭಯ. ಇದರ ಎದುರು ನಿಲ್ಲುವ ಶಬ್ದ ‘ಉನ್ಸ್’, ಅಂದರೆ ಒಡನಾಟ, ಸಲಿಗೆ, ಹಚ್ಚಿಕೊಳ್ಳುವಿಕೆ. ‘ಇನ್ಸಾನ್’ ಎಂಬ ಶಬ್ದವನ್ನು ಕೆಲವು ಭಾಷಾವಿದರು ಈ ಉನ್ಸ್‌ನಿಂದಲೇ ಬಂದದ್ದೆಂದು ಹೇಳುತ್ತಾರೆ. ಇನ್ನು ಕೆಲವರು ಮರೆವು ಎಂಬರ್ಥದ ‘ನಿಸ್ಯಾನ್’ನಿಂದ ಬಂದದ್ದೆನ್ನುತ್ತಾರೆ. ಹಚ್ಚಿಕೊಳ್ಳುವ ಪ್ರಾಣಿ, ಮರೆಯುವ ಪ್ರಾಣಿ. ಮನುಷ್ಯನ ಬಗ್ಗೆ ಇವೆರಡೂ ಸತ್ಯವೆಂದು ಮುಂದೆ ಕಾಣುತ್ತೇವೆ.

ಇತಿಹಾಸಕಾರ ಇಬ್ನ್ ಖಲ್ದೂನ್ ಸ್ವತಃ ಒಂದು ಪ್ರಳಯದಿಂದ ಬದುಕುಳಿದವರು. 1332ರಲ್ಲಿ ಟ್ಯೂನಿಸ್‌ನಲ್ಲಿ ಹುಟ್ಟಿದ ಅವರು ಇನ್ನೂ ಹದಿಹರೆಯದಲ್ಲಿದ್ದಾಗ, 1348-49ರ ಮಹಾಮಾರಿಯಲ್ಲಿ ತಂದೆ ತಾಯಿಯನ್ನು ಕಳೆದುಕೊಂಡರು. ಮಹಾಮಾರಿಯ ನಂತರ ಲೋಕವೇ ಬದಲಾಗಿದೆ, ಆದ್ದರಿಂದ ಅದನ್ನು ಹೊಸದಾಗಿ ಬರೆಯಬೇಕಾಗಿದೆ ಎಂಬುದೇ 1377ರ ಅವರ ‘ಮುಕದ್ದಿಮಾ’ ಗ್ರಂಥದ ಒಂದು ಪ್ರೇರಣೆ. ಅಲೆಮಾರಿಗಳು ಗೆದ್ದ ನಾಡು ಹಾಳಾಗುತ್ತದೆಂಬ ಕಟು ಮಾತನ್ನೂ ಅವರು ಬರೆದಿದ್ದಾರೆ. ಆದರೆ ಅವರ ಒಟ್ಟು ವಾದ ನಗರದ ಪರವಾಗಿಲ್ಲ. ಮರುಭೂಮಿಯ ಬಾಳಿನಲ್ಲಿ ಒಬ್ಬರಿಗೊಬ್ಬರು ಆತುಕೊಳ್ಳುವ ‘ಅಸಬಿಯ್ಯ’ ಎಂಬ ಬಂಧವಿದೆ, ನಗರದ ಸುಖ ಅದನ್ನು ಸಡಿಲಗೊಳಿಸುತ್ತದೆ, ಬಂಧ ಸಡಿಲಗೊಂಡ ನಗರ ಒಳಗಿನಿಂದಲೇ ಕುಸಿಯುತ್ತದೆ ಎನ್ನುತ್ತಾರೆ ಅವರು. ಬೇಲಿಯಾಚೆಯಿಂದ ಬರುವ ಅನಾಗರಿಕನಿಗಾಗಿ ಕಾಯಬೇಕಾಗಿಲ್ಲ.

ಹೆಣದ ಪ್ರಶ್ನೆಗೆ ಬರೋಣ. ಭೂಮಿಯ ಮೇಲಿನ ಮೊದಲ ಕೊಲೆಯ ವೃತ್ತಾಂತ ಕುರ್‌ಆನಿನ ‘ಅಲ್ ಮಾಇದ’ ಅಧ್ಯಾಯದಲ್ಲಿದೆ. ಆದಮರ(ಅ) ಇಬ್ಬರು ಪುತ್ರರಲ್ಲಿ ಒಬ್ಬ ಇನ್ನೊಬ್ಬನನ್ನು ಕೊಲ್ಲುತ್ತಾನೆ. ಆಗ ಅಲ್ಲಾಹನು ಒಂದು ಕಾಗೆಯನ್ನು ಕಳುಹಿಸುತ್ತಾನೆ. ಅದು ನೆಲ ಕೆದಕಿ, ಸಹೋದರನ ಶವವನ್ನು ಮರೆಮಾಡುವುದು ಹೇಗೆಂದು ತೋರಿಸುತ್ತದೆ. ತಾನು ಈ ಕಾಗೆಯಷ್ಟೂ ಆಗಲಿಲ್ಲವಲ್ಲ ಎಂದು ಕೊಲೆಗಾರ ಪಶ್ಚಾತ್ತಾಪಪಡುತ್ತಾನೆ. ಮನುಷ್ಯನಿಗೆ ನಾಗರಿಕತೆಯ ಪಾಠ ಹೇಳಿದ್ದು ಒಂದು ಪಕ್ಷಿ! ಹನ್ನೆರಡನೆಯ ಶತಮಾನದ ಅಂದಲೂಸಿಯಾದ ಇಬ್ನ್ ತುಫೈಲ್ ತಮ್ಮ ‘ಹಯ್ಯ್ ಬಿನ್ ಯಕ್ಜಾನ್’ ಕಥೆಯಲ್ಲಿ ಇದೇ ಕಾಗೆಯನ್ನು ನಿರ್ಜನ ದ್ವೀಪಕ್ಕೆ ಕರೆತಂದರು. ಜಿಂಕೆಯ ಹಾಲು ಕುಡಿದು ಬೆಳೆದ ಹುಡುಗ ಹಯ್ಯ್, ಆ ಸಾಕುತಾಯಿ ಸತ್ತಾಗ ಏನು ಮಾಡುವುದೆಂದು ತಿಳಿಯದೆ ನಿಲ್ಲುತ್ತಾನೆ. ಕಾಗೆಯೊಂದು ತಾನು ಕೊಂದ ಕಾಗೆಯನ್ನು ಹೂಳುವುದನ್ನು ಕಂಡು ತಾನೂ ಜಿಂಕೆಯನ್ನು ಮಣ್ಣು ಮಾಡುತ್ತಾನೆ. ಗೋಲ್ಡಿಂಗರ ಹುಡುಗರಿಗೂ ಹಯ್ಯ್‌ಗೂ ಸಿಕ್ಕಿದ್ದು ಒಂದೇ ಬಗೆಯ ದ್ವೀಪ. ಒಬ್ಬರು ಅಲ್ಲಿ ಮೃಗವನ್ನು ಕಂಡರು, ಇನ್ನೊಬ್ಬರು ವಿವೇಕವನ್ನು ಕಂಡರು.

ಕನ್ನಡಕ್ಕೂ ಇದು ಹೊಸತಲ್ಲ. ಸಾವಿರ ವರ್ಷಗಳ ಹಿಂದೆ ರನ್ನ ‘ಗದಾಯುದ್ಧ’ದಲ್ಲಿ ದುರ್ಯೋಧನನನ್ನು ಹೆಣಗಳ ನಡುವೆ ನಡೆಸಿದ. ಎಲ್ಲ ಮುಗಿದ ಮೇಲಿನ ಲೋಕದ ಚಿತ್ರ ಅದು. ಮಗ ಲಕ್ಷಣಕುಮಾರನ ಶವದ ಮುಂದೆ ನಿಂತ ಅವನಿಗೆ, ಮಗನಿಂದ ತನಗೆ ಸಲ್ಲಬೇಕಿದ್ದ ಅಂತ್ಯಕ್ರಿಯೆಯನ್ನು ತಾನೇ ಮಗನಿಗೆ ಸಲ್ಲಿಸುವಂತಾಯಿತಲ್ಲ ಎಂಬ ಸಂಕಟ. ಶತ್ರುವಿನ ಮಗ ಅಭಿಮನ್ಯುವಿನ ಶವದ ಮುಂದೆ ಅವನು ಕೈಮುಗಿಯುತ್ತಾನೆ. ಕಾವ್ಯಗಳು ಖಳನೆಂದ ಆ ಮನುಷ್ಯನನ್ನು ನಾವು ಪ್ರೀತಿಸಲಾರಂಭಿಸುವುದು ಅಲ್ಲಿಂದಲೇ.

ಆಧುನಿಕ ಕನ್ನಡದಲ್ಲಿ ಈ ಪ್ರಶ್ನೆಯನ್ನು ಎಲ್ಲಕ್ಕಿಂತ ನಿಷ್ಠುರವಾಗಿ ಎತ್ತಿದ ಕೃತಿ ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ (1965). ಇದನ್ನು ಪ್ರಳಯದ ಕಥೆಯೆಂದು ಯಾರೂ ಓದುವುದಿಲ್ಲ. ಆದರೆ ದುರ್ವಾಸಪುರದ ಅಗ್ರಹಾರಕ್ಕೆ ಬಂದದ್ದು ಪ್ರಳಯವೇ. ಶಿವಮೊಗ್ಗದಿಂದ ಜ್ವರ ಹೊತ್ತು ಬಂದ ನಾರಣಪ್ಪ ಸತ್ತಿದ್ದಾನೆ. ಇಲಿಗಳು ಸಾಯುತ್ತಿವೆ, ಹದ್ದುಗಳು ಬಂದು ಮಾಡಿನ ಮೇಲೆ ಕೂರುತ್ತಿವೆ. ಹೆಣ ಎತ್ತುವವರೆಗೆ ಬ್ರಾಹ್ಮಣರು ಊಟ ಮಾಡುವಂತಿಲ್ಲ. ಹೆಣ ಎತ್ತಲು ಯಾರಿಗೆ ಅಧಿಕಾರವಿದೆಯೆಂದು ಗ್ರಂಥಗಳಲ್ಲಿ ಉತ್ತರ ಸಿಗುತ್ತಿಲ್ಲ. ಇಲ್ಲಿ ಕಾನೂನು ಕುಸಿದಿಲ್ಲ ಎಂಬುದನ್ನು ಗಮನಿಸಬೇಕು. ಕಾನೂನು ಸಂಪೂರ್ಣವಾಗಿ ಜಾರಿಯಲ್ಲಿದೆ. ಹಸಿದ ಬ್ರಾಹ್ಮಣರು ಮೈಮೇಲೆ ಬಣ್ಣ ಬಳಿದುಕೊಂಡಿಲ್ಲ. ಜನಿವಾರ ಹಾಕಿಕೊಂಡೇ ಅವರು ಚಂದ್ರಿ ಬಿಚ್ಚಿಟ್ಟ ಬಂಗಾರದ ಮೇಲೆ ಕಣ್ಣಿಡುತ್ತಾರೆ. ಕೊಳೆಯುತ್ತಿರುವ ಹೆಣದ ಪಕ್ಕದ ಮನೆಗಳಲ್ಲಿ ವಾದ ನಡೆಯುತ್ತದೆ. ಗೋಲ್ಡಿಂಗರ ಮೃಗತ್ವ ನಿಯಮ ಸತ್ತಾಗ ಹುಟ್ಟಿದರೆ, ಅನಂತಮೂರ್ತಿಯವರದು ನಿಯಮದ ಒಳಗೇ ಹುಟ್ಟುತ್ತದೆ.

ಹಾಗಾದರೆ ಹೆಣವನ್ನು ಎತ್ತಿದವರು ಯಾರು? ಚಂದ್ರಿ ಮೊದಲು ಗಾಡಿಯ ಶೇಷಪ್ಪನ ಬಳಿ ಹೋಗುತ್ತಾಳೆ. ಬ್ರಾಹ್ಮಣನ ಹೆಣ ಮುಟ್ಟಲು ಅವನು ಹೆದರುತ್ತಾನೆ. ಆಮೇಲೆ ಅವಳು ಮೀನಿನ ವ್ಯಾಪಾರಿ ಅಹಮದ್ ಬ್ಯಾರಿಯ ಬಾಗಿಲಿಗೆ ಹೋಗುತ್ತಾಳೆ. ಕೈಯಲ್ಲಿ ಕಾಸಿಲ್ಲದ ದಿನಗಳಲ್ಲಿ ಎತ್ತು ಕೊಳ್ಳಲು ನಾರಣಪ್ಪ ಅವನಿಗೆ ಸಾಲ ಕೊಟ್ಟಿದ್ದ. ಆ ಋಣವನ್ನು ನೆನೆದು ಅವನು ಗಾಡಿ ಕಟ್ಟಿಕೊಂಡು ಬರುತ್ತಾನೆ. ಕತ್ತಲಲ್ಲಿ ಹೆಣವನ್ನೂ ಕಟ್ಟಿಗೆಯನ್ನೂ ಸಾಗಿಸಿ, ಸುಟ್ಟು ಹೋಗಿಬಿಡುತ್ತಾನೆ. ಚಂದ್ರಿ ಕುಂದಾಪುರದ ದಾರಿ ಹಿಡಿಯುತ್ತಾಳೆ.

ಕಾದಂಬರಿಯ ಮೊದಲ ಭಾಗದಲ್ಲಿ ಮುಸ್ಲಿಮರು ಬೇರೆ ರೂಪದಲ್ಲಿ ಬಂದಿದ್ದರು ಎಂಬುದನ್ನು ಮರೆಯಬಾರದು. ನಾರಣಪ್ಪನ ಅಪರಾಧಗಳ ಪಟ್ಟಿಯಲ್ಲಿ ಅವರಿದ್ದರು. ಅವನು ತುರುಕರನ್ನು ಅಗ್ರಹಾರಕ್ಕೆ ಕರೆತಂದ, ದೇವರ ಕೆರೆಯ ಮೀನು ಹಿಡಿಸಿದ, ಬಹಿಷ್ಕಾರ ಹಾಕಿದರೆ ಮುಸ್ಲಿಮನಾಗುತ್ತೇನೆಂದು ಬೆದರಿಸಿದ. ಬೇಲಿಯಾಚೆಯ ಅನಾಗರಿಕನ ಜಾಗದಲ್ಲಿ ಆಗ ನಿಂತಿದ್ದವನು ಮುಸ್ಲಿಮ. ಕೊನೆಗೆ ಅಗ್ರಹಾರದ ಯಾರೂ ಮಾಡಲಾಗದ ಕೆಲಸವನ್ನು ಮಾಡಿದವನೂ ಅವನೇ. ಅತ್ತ ಹೊಲೆಯರ ಕೇರಿಯಲ್ಲಿ ಸತ್ತವರನ್ನು ಗುಡಿಸಲಿನ ಸಮೇತ ಸುಡುತ್ತಾರೆ. ಶಾಸ್ತ್ರವಿಲ್ಲದವರ ಕೇರಿಯಲ್ಲಿ ಹೆಣ ಕೊಳೆಯುವುದಿಲ್ಲ.

ವಿಮರ್ಶಕರು ಅಷ್ಟಾಗಿ ನಿಲ್ಲದೆ ದಾಟಿಹೋದ ಸಂಗತಿಯೊಂದಿದೆ. ಹೆಣ ಸುಟ್ಟ ವಿಷಯ ಪ್ರಾಣೇಶಾಚಾರ್ಯರಿಗೆ ಗೊತ್ತಿಲ್ಲ, ಅಗ್ರಹಾರಕ್ಕೂ ಗೊತ್ತಿಲ್ಲ. ಗೊತ್ತಿರುವುದು ಚಂದ್ರಿಗೆ, ಅಹಮದ್ ಬ್ಯಾರಿಗೆ, ಮತ್ತು ಓದುಗರಾದ ನಮಗೆ. ಆಚಾರ್ಯರು ಕಾಡು, ಜಾತ್ರೆ, ರಥೋತ್ಸವಗಳನ್ನು ಸುತ್ತಿ ಅನುಭವಿಸುವ ಧರ್ಮಸಂಕಟಕ್ಕೆ ಕಾರಣವಾದ ಹೆಣ ಆಗಲೇ ಅಲ್ಲಿಲ್ಲ. ಒಬ್ಬ ಬ್ಯಾರಿ ಅದನ್ನು ಎಂದೋ ಸಾಗಿಸಿಯಾಗಿದೆ. ಒಂದು ನಾಗರಿಕತೆ ತನ್ನ ಆತ್ಮವನ್ನು ಹುಡುಕಿಕೊಂಡು ಅಲೆಯುತ್ತಿರುವಾಗ, ಅದು ಮಾಡಬೇಕಿದ್ದ ಕೆಲಸವನ್ನು ಅದರ ಅರಿವಿಗೇ ಬಾರದಂತೆ ಹೊರಗಿನವನೊಬ್ಬ ಮಾಡಿ ಮುಗಿಸಿದ್ದಾನೆ. ‘ಸಂಸ್ಕಾರ’ದ ಅತ್ಯಂತ ಕಠಿಣವಾದ ಮಾತು ಇದೇ ಎಂದು ನಮಗನಿಸುತ್ತದೆ.

ಉರ್ದುವಿನಲ್ಲಿ ಇದಕ್ಕೆ ಜೊತೆಯಾಗಿ ಓದಬೇಕಾದ ಕಥೆ ರಾಜಿಂದರ್ ಸಿಂಗ್ ಬೇಡಿಯವರ ‘ಕ್ವಾರಂಟೀನ್’. ಪ್ಲೇಗ್ ಬಂದಿದೆ. ಜನ ಪ್ಲೇಗಿಗಿಂತ ಕ್ವಾರಂಟೀನಿಗೇ ಹೆಚ್ಚು ಹೆದರುತ್ತಾರೆ. ಕಥೆ ಹೇಳುವವನು ವೈದ್ಯ. ಆದರೆ ಹೆಣಗಳನ್ನು ಹೊರುವವನು, ಸುಡುವವನು, ಉರಿಯ ನಡುವೆ ಇನ್ನೂ ಜೀವವಿದ್ದವನನ್ನು ಎಳೆದು ತನ್ನ ಕೈ ಸುಟ್ಟುಕೊಳ್ಳುವವನು ಭಾಗೂ ಎಂಬ ಕ್ರೈಸ್ತನಾದ ಜಾಡಮಾಲಿ. ಕೊನೆಗೆ ಹಾರ, ಹೊಗಳಿಕೆ, ಹಣ ಸಿಗುವುದು ವೈದ್ಯನಿಗೆ. ಭಾಗೂ ಬಂದು ಅವನನ್ನು ಅಭಿನಂದಿಸುತ್ತಾನೆ! ಬೇಡಿಯವರು ಇಲ್ಲಿ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. ಪ್ರಳಯ ಕಳೆದ ಮೇಲೆ ಊರು ಯಾರನ್ನು ನೆನೆಯುತ್ತದೆ, ಯಾರನ್ನು ಮರೆಯುತ್ತದೆ ಎಂಬುದೂ ನಾಗರಿಕತೆಯ ಪರೀಕ್ಷೆಯೆಂದು ಅವರಿಗೆ ಗೊತ್ತಿತ್ತು.

ಈ ಪುಸ್ತಕಗಳನ್ನು ಹಿಡಿದುಕೊಂಡೇ ಈಗ ದಕ್ಷಿಣ ಬೆಂಗಳೂರನ್ನು ನೋಡೋಣ. ಒಂದರ್ಥದಲ್ಲಿ ಇದು ಪ್ರಳಯದ ನಂತರ ಬೆಳೆದ ಊರು. 1898ರಲ್ಲಿ ಪ್ಲೇಗ್ ಬಂದ ಮೇಲೆ ಇಕ್ಕಟ್ಟಾದ ಪೇಟೆಯನ್ನು ಬಿಟ್ಟ ಜನ ಬಸವನಗುಡಿಯಂಥ ಬಡಾವಣೆಗಳಿಗೆ ಬಂದರು. ಅಗಲವಾದ ರಸ್ತೆ, ಗಾಳಿ ಬೆಳಕು, ಮನೆ ಮನೆಗಳ ನಡುವೆ ಅಂತರ. 1948ರಲ್ಲಿ ಆರಂಭವಾದ ಜಯನಗರ ಇದೇ ಮಾದರಿಯ ಮುಂದುವರಿಕೆ. ರೋಗದಿಂದ ನಗರ ಕಲಿತ ಪಾಠ ಅಂತರ. ಆರೋಗ್ಯಕ್ಕೆ ಅದು ಒಳ್ಳೆಯದೇ. ಆದರೆ ಅಂತರವೇ ಅಭ್ಯಾಸವಾದಾಗ ಉನ್ಸ್ ಹೋಗಿ ವಹಶತ್ ಬರುತ್ತದೆ. ಜಯನಗರದ ಮಗ್ಗುಲಲ್ಲೇ ತಿಲಕನಗರ, ಗುರಪ್ಪನಪಾಳ್ಯಗಳಿವೆ. ಕಾಲ್ನಡಿಗೆಯ ದೂರದಲ್ಲಿರುವ ಈ ಓಣಿಗಳಿಗೆ ಒಮ್ಮೆಯೂ ಕಾಲಿಡದೆ ಬಾಳು ಕಳೆದವರು ಬಡಾವಣೆಗಳಲ್ಲಿ ಎಷ್ಟು ಜನರಿಲ್ಲ?

2021ರ ಏಪ್ರಿಲ್-ಮೇ ತಿಂಗಳಲ್ಲಿ ಕೊರೊನಾದ ಎರಡನೆಯ ಅಲೆ ಬಂದಾಗ ಕಾದಂಬರಿಗಳ ಲೋಕ ನಮ್ಮ ಬೀದಿಗಿಳಿಯಿತು. ಬನಶಂಕರಿ, ವಿಲ್ಸನ್ ಗಾರ್ಡನ್ ಚಿತಾಗಾರಗಳ ಮುಂದೆ ಆಂಬುಲೆನ್ಸುಗಳು ಸಾಲುಗಟ್ಟಿದವು. ಹಲವು ಮನೆಗಳಲ್ಲಿ ಹೆಣ ಎತ್ತುವ ಕೈಗಳಿರಲಿಲ್ಲ. ಮಕ್ಕಳು ವಿದೇಶದಲ್ಲಿ, ಉಳಿದವರು ಹಾಸಿಗೆಯಲ್ಲಿ, ನೆರೆಯವರು ಬಾಗಿಲು ಮುಚ್ಚಿಕೊಂಡಿದ್ದರು. ಆಗ ‘ಮರ್ಸಿ ಮಿಷನ್’ ಹೆಸರಿನಲ್ಲಿ ಒಗ್ಗೂಡಿದ್ದ ಸಂಘಟನೆಗಳ ಮುಸ್ಲಿಮ್ ಯುವಕರು ಪಿ.ಪಿ.ಇ. ಕಿಟ್ ತೊಟ್ಟು, ಜಾತಿ ಮತ ನೋಡದೆ ಶವಗಳನ್ನು ಸಾಗಿಸಿ ಅಂತ್ಯಕ್ರಿಯೆ ಮಾಡಿದರು. ಹಗಲಿರುಳು ಉರಿಯ ಮುಂದೆ ನಿಂತಿದ್ದ ಚಿತಾಗಾರದ ನೌಕರರು ನಮ್ಮ ಕಾಲದ ಭಾಗೂಗಳು. ಮೃತರ ಸಂಸ್ಕಾರ ನಮ್ಮಲ್ಲಿ ‘ಫರ್ಝ್ ಕಿಫಾಯ’. ಕೆಲವರು ಮಾಡಿದರೆ ಎಲ್ಲರ ಹೊಣೆ ಇಳಿಯುತ್ತದೆ, ಯಾರೂ ಮಾಡದಿದ್ದರೆ ಪಾಪ ಎಲ್ಲರ ತಲೆಗೆ. ಇದು ಸಮುದಾಯದ ಒಳಗಿನ ಹೊಣೆಯೆಂದು ಕೆಲವರು ಹೇಳಬಹುದು. ಯಹೂದಿಯೊಬ್ಬನ ಶವಯಾತ್ರೆ ಹಾದುಹೋದಾಗ ಪ್ರವಾದಿಯವರು(ಸ) ಎದ್ದು ನಿಂತರು, ಅದೂ ಒಂದು ಮನುಷ್ಯಜೀವವೇ ಎಂದು ಸಂಗಡಿಗರಿಗೆ ನೆನಪಿಸಿದರು ಎಂಬ ಹದೀಸ್ ಅವರಿಗೆ ಉತ್ತರ.

ಅದೇ ದಿನಗಳಲ್ಲಿ, ಅದೇ ಜಯನಗರದಲ್ಲಿ ಇನ್ನೊಂದು ಘಟನೆಯೂ ನಡೆಯಿತು. 2021ರ ಮೇ 4ರಂದು ಆಗಿನ ಬಿ.ಬಿ.ಎಂ.ಪಿ. ದಕ್ಷಿಣ ವಲಯದ ಕೋವಿಡ್ ವಾರ್ ರೂಮಿಗೆ ಸಂಸದ ತೇಜಸ್ವಿ ಸೂರ್ಯ ಶಾಸಕರೊಂದಿಗೆ ಹೋದರು. ಹಾಸಿಗೆ ಹಂಚಿಕೆಯಲ್ಲಿ ಹಗರಣವಾಗಿದೆಯೆಂದು ಆರೋಪಿಸಿದ ಅವರು ಅಲ್ಲಿ ಓದಿದ್ದು ಮುಸ್ಲಿಮ್ ನೌಕರರ ಹೆಸರುಗಳನ್ನು. ಅಲ್ಲಿದ್ದ ನೌಕರರು ಇನ್ನೂರಕ್ಕೂ ಹೆಚ್ಚು, ಓದಿದ ಹೆಸರುಗಳು ಇಪ್ಪತ್ತಕ್ಕಿಂತ ಕಡಿಮೆ. ಆ ಹುಡುಗರನ್ನು ಕೆಲಸದಿಂದ ದೂರವಿಡಲಾಯಿತು. ಅವರ ವಿರುದ್ಧ ಆಧಾರ ಸಿಗಲಿಲ್ಲವೆಂದು ಪತ್ರಿಕೆಗಳು ಆಮೇಲೆ ಬರೆದವು. ಪ್ರಳಯದ ಕಾದಂಬರಿಗಳ ಹಳೆಯ ಸೂತ್ರವಿದು. ಹಾಸಿಗೆ ಇಲ್ಲ, ಆಮ್ಲಜನಕ ಇಲ್ಲ, ಜನ ಸಾಯುತ್ತಿದ್ದಾರೆ. ಬೇಲಿಯಾಚೆ ಒಬ್ಬ ಅನಾಗರಿಕ ಬೇಕು. ಸಿಕ್ಕಿದ.

ಒಂದು ಕಡೆ ಹೆಸರುಗಳ ಪಟ್ಟಿ, ಇನ್ನೊಂದು ಕಡೆ ಹೆಣ ಹೊತ್ತ ಯುವಕರ ಚಿತ್ರ. ಮೊದಲನೆಯದನ್ನು ಕಂಡು ನೊಂದ ಸಜ್ಜನರು ಎರಡನೆಯದನ್ನು ಎಲ್ಲರಿಗೂ ಹಂಚಿದರು. ನೋಡಿ, ಮುಸ್ಲಿಮರು ಎಂಥವರು! ಅವರ ಮನಸ್ಸು ದೊಡ್ಡದು, ಅದಕ್ಕೆ ನಾವು ಋಣಿಗಳು. ಆದರೂ ಇಲ್ಲಿ ಕೇಳಲೇಬೇಕಾದ ಮಾತೊಂದಿದೆ. ಮನುಷ್ಯರೆಂದು ಎಣಿಸಿಕೊಳ್ಳಲು ಒಂದು ಸಮುದಾಯ ಹೆಣ ಹೊರಬೇಕೇ? ಪಟ್ಟಿ ಓದಿದವರಿಗೆ ಕಂಡದ್ದು ರಾಕ್ಷಸ, ಚಿತ್ರ ಹಂಚಿದವರಿಗೆ ಕಂಡದ್ದು ದೇವದೂತ. ತಿಂಗಳ ಸಂಬಳಕ್ಕೆ ಫೋನ್ ಎತ್ತುತ್ತಿದ್ದ, ಮನೆಯಲ್ಲಿ ತಾಯಿಯ ಜ್ವರದ ಚಿಂತೆಯಿದ್ದ, ಕೆಲವೊಮ್ಮೆ ಸಿಡುಕುತ್ತಿದ್ದ ಸಾಮಾನ್ಯ ಹುಡುಗ ಇಬ್ಬರಿಗೂ ಕಾಣಲಿಲ್ಲ. ದೇವದೂತನಿಗೂ ಬೇಲಿಯೊಳಗೆ ಮನೆ ಬಾಡಿಗೆಗೆ ಸಿಗುವುದಿಲ್ಲ.

ಇಲ್ಲಿಗೆ ಬಂದಾಗ ‘ಸಂಸ್ಕಾರ’ದ ಮಿತಿಯೂ ಕಾಣುತ್ತದೆ. ಅಹಮದ್ ಬ್ಯಾರಿಗೆ ಕಾದಂಬರಿಯಲ್ಲಿ ಸಿಕ್ಕಿದ್ದು ಕೆಲವೇ ಸಾಲು. ಪ್ರಾಣೇಶಾಚಾರ್ಯರ ಮನಸ್ಸಿನ ಪ್ರತಿ ಮೂಲೆಗೂ ದೀಪ ಹಿಡಿದ ಲೇಖಕರು ಈ ಮನುಷ್ಯನ ಮನಸ್ಸಿಗೆ ಹಾಗೆ ದೀಪ ಹಿಡಿಯಲಿಲ್ಲ. ಅದು ಅವರ ಕಥೆಯಾಗಿರಲಿಲ್ಲ, ಸರಿ. ಆದರೆ ಆಮೇಲೆ ಕನ್ನಡದಲ್ಲಿ ಬಂದ ಅದೆಷ್ಟೋ ಸೌಹಾರ್ದದ ಕಥೆಗಳು ಬ್ಯಾರಿಯ ಗಾಡಿಯನ್ನು ಮಾತ್ರ ಎರವಲು ತಂದವು. ಆಪತ್ತಿಗೆ ಬಂದು, ಒಳ್ಳೆಯದು ಮಾಡಿ, ಕತ್ತಲಲ್ಲಿ ಕರಗಿಹೋಗುವ ಸಾಬರು! ಈ ಚೌಕಟ್ಟನ್ನು ಒಡೆದವರು ಎಂಬತ್ತರ ದಶಕದಲ್ಲಿ ಗಮನ ಸೆಳೆದ ಲೇಖಕರು. ಬೊಳುವಾರು ಮಹಮದ್ ಕುಂಞ, ಸಾರಾ ಅಬೂಬಕ್ಕರ್, ಫಕೀರ್ ಮುಹಮ್ಮದ್ ಕಟ್ಪಾಡಿ, ಬಾನು ಮುಷ್ತಾಕ್ ಮುಸ್ಲಿಮ್ ಮನೆಯ ಒಳಬಾಗಿಲನ್ನು ತೆರೆದರು. ಅಲ್ಲಿ ಕರುಣೆಯಿತ್ತು, ಕ್ರೌರ್ಯವೂ ಇತ್ತು. ತಲಾಖ್ ಹೇಳಿದ ಗಂಡ, ಮಗಳ ಮಾತು ಕೇಳದ ತಂದೆ, ಜಮಾಅತಿನ ದರ್ಪ ಎಲ್ಲವೂ ಇದ್ದವು. ಆ ಕಥೆಗಳಿಂದ ಸಮುದಾಯದ ಮಾನ ಹೋಯಿತೆಂದು ಸಿಟ್ಟಾದವರು ನಮ್ಮಲ್ಲಿದ್ದರು. ಆ ಕಥೆಗಳು ನಮಗೆ ಕೊಟ್ಟದ್ದು ತಪ್ಪು ಮಾಡುವ ಮನುಷ್ಯರಾಗಿರುವ ಹಕ್ಕನ್ನು ಎಂಬುದನ್ನು ಅವರು ಗಮನಿಸಲಿಲ್ಲ. 2025ರಲ್ಲಿ ಬಾನು ಮುಷ್ತಾಕರಿಗೆ ಅಂತಾರಾಷ್ಟ್ರೀಯ ಬೂಕರ್ ಬಂದಾಗ ಲೋಕ ಮೆಚ್ಚಿದ್ದೂ ಇಂಥ ಮನುಷ್ಯರನ್ನೇ.

ಇಂತಿಜಾರ್ ಹುಸೇನರ ‘ಆಖ್ರಿ ಆದ್ಮಿ’ಯನ್ನು ಇಲ್ಲಿ ನೆನೆಯಬೇಕು. ಊರವರೆಲ್ಲ ಒಬ್ಬೊಬ್ಬರಾಗಿ ಕೋತಿಗಳಾಗುತ್ತಿದ್ದಾರೆ. ಇಲ್ಯಾಸಫ್ ಮಾತ್ರ ತಾನು ಮನುಷ್ಯನಾಗಿಯೇ ಉಳಿಯುತ್ತೇನೆಂದು ಪಣ ತೊಡುತ್ತಾನೆ. ಅದಕ್ಕಾಗಿ ಸಿಟ್ಟು ಬಿಡುತ್ತಾನೆ, ದ್ವೇಷ ಬಿಡುತ್ತಾನೆ, ಪ್ರೀತಿಯನ್ನೂ ಮರುಕವನ್ನೂ ಬಿಡುತ್ತಾನೆ. ಕೊನೆಗೆ ಅವನೂ ಕೋತಿಯಾಗುತ್ತಾನೆ. ಎಲ್ಲರಿಂದ ಕಳಚಿಕೊಂಡು ತಾನೊಬ್ಬನೇ ನಾಗರಿಕನಾಗಿ ಉಳಿಯುವ ದಾರಿ ಇಲ್ಲ. ಬಡಾವಣೆಗಳ ಗೇಟುಗಳ ಹಿಂದೆ ಕುಳಿತವರಿಗೂ, ನಮ್ಮದೇ ಓಣಿಗಳೊಳಗೆ ಮುದುಡಿ ಕುಳಿತ ನಮಗೂ ಈ ಕಥೆ ಅನ್ವಯಿಸುತ್ತದೆ.

ಆದ್ದರಿಂದ ಕನ್ನಡದಲ್ಲಿ ಇನ್ನೂ ಬರೆಯಬೇಕಾಗಿರುವ ಒಂದು ಪ್ರಳಯದ ಕಥೆಯಿದೆ. ಅದು ಅಹಮದ್ ಬ್ಯಾರಿ ಗಾಡಿ ತಿರುಗಿಸಿಕೊಂಡು ಮನೆಗೆ ಬಂದ ಮೇಲೆ ಶುರುವಾಗುತ್ತದೆ. ಅವನು ಎತ್ತುಗಳನ್ನು ಬಿಚ್ಚಿ ಎಲ್ಲಿ ಮೈ ತೊಳೆದುಕೊಂಡ? ಹೆಂಡತಿಗೆ ಹೇಳಿದನೇ, ಮುಚ್ಚಿಟ್ಟನೇ? ಬ್ರಾಹ್ಮಣನ ಹೆಣ ಮುಟ್ಟಿದ್ದು ಗೊತ್ತಾದರೆ ತನ್ನ ಗತಿಯೇನೆಂದು ಹೆದರಿದನೇ? ಮರುದಿನ ಮೀನು ಹೊತ್ತು ಅದೇ ದಾರಿಯಲ್ಲಿ ಹೋದನೇ? ಅವನಿಗೂ ಜ್ವರ ಬಂದಿದ್ದರೆ ಯಾರ ಗಾಡಿ ಬರುತ್ತಿತ್ತು? ಆ ಕಥೆಯಲ್ಲಿ ಅವನು ಒಳ್ಳೆಯವನಾಗಿರಲೇಬೇಕೆಂಬ ಷರತ್ತು ಬೇಡ. ಅವನಿಗೊಂದು ಮನೆ, ಒಂದು ಭಯ, ಒಂದು ಮುಂಜಾವು ಇದ್ದರೆ ಸಾಕು.